ಮೆದೆಗೆ ಜ್ವರ ಬಂದ ವರ್ಷ

ನಮ್ಮ ಮನೆಯಲ್ಲಿ ಅಜ್ಜಿಯೂ ಅಪ್ಪನೂ ಒಂದೇ ಸೂರಿನ ಕೆಳಗೆ ಹನ್ನೊಂದು ವರ್ಷ ಇದ್ದರೂ ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡಿರಲಿಲ್ಲ. ಜಗಳವಾಗಿ ಮಾತು ಬಿಟ್ಟವರಲ್ಲ, ಮಾತು ಶುರುವೇ ಆಗಿರಲಿಲ್ಲ. ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡಬಾರದು ಎನ್ನುವುದು ನಮ್ಮವರ ಹಳೆಯ ಪದ್ಧತಿ. ಅಳಿಯ ವರ್ಷಕ್ಕೆರಡು ಸಲ ಹಬ್ಬಕ್ಕೆ ಬಂದು ಉಂಡು ಹೋಗುವವನಾದರೆ ಅದೇನೂ ಕಷ್ಟದ ವಿಷಯವಲ್ಲ. ಆದರೆ ನಮ್ಮಪ್ಪ ಮನೆ ಅಳಿಯ. ಅಜ್ಜಿಗೆ ಇದ್ದವಳು ನಮ್ಮಮ್ಮ ಒಬ್ಬಳೇ ಮಗಳು. ಮಿಡಿಗೇಶಿ ಹತ್ತಿರದ ಆ ಮನೆ, ಹೊಲ, ಎರಡು ಎತ್ತು, ಒಂದು ಎಮ್ಮೆ ಎಲ್ಲವೂ ಅಜ್ಜಿಯದು. ಅವನ್ನು ನೋಡಿಕೊಳ್ಳಲಿ ಎಂದು ಪಾವಗಡದ ಕಡೆಯ ಬಲಸಮುದ್ರದಿಂದ ಅಪ್ಪನನ್ನು ತಂದಿದ್ದರು. ಹೊಲ ಉಳುವವನು ಅಪ್ಪ, ಏನು ಬಿತ್ತಬೇಕೆಂದು ಹೇಳುವವಳು ಅಜ್ಜಿ, ಇಬ್ಬರೂ ಮಾತಾಡುವಂತಿಲ್ಲ. ಇಂಥ ಮನೆಯಲ್ಲಿ ಮಾತು ಹೊರುವ ಕೆಲಸಕ್ಕೆ ಒಬ್ಬರು ಬೇಕೇ ಬೇಕು. ಮೊದಲು ಅಮ್ಮ ಆ ಕೆಲಸ ಮಾಡುತ್ತಿದ್ದಳಂತೆ. ಎರಡೂ ಕಡೆಯಿಂದ ಬೈಸಿಕೊಂಡು ಸಾಕಾಗಿ, ನನಗೆ ಮಾತು ಸ್ವಚ್ಛವಾಗಿ ಬಂದ ವರ್ಷವೇ ಅದನ್ನು ನನ್ನ ಹೆಗಲಿಗೆ ದಾಟಿಸಿದಳು.

ಮನೆಯನ್ನೂ ಹಾಗೇ ಹಂಚಿಕೊಂಡಿದ್ದರು. ಅಡುಗೆಮನೆ ಮತ್ತು ನಡುಮನೆ ಅಜ್ಜಿಯದು. ಜಗಲಿ, ಪಡಸಾಲೆ, ಪಡಸಾಲೆಗೆ ಅಂಟಿಕೊಂಡೇ ಮೊಳಕಾಲೆತ್ತರದ ಗೋಡೆಯಾಚೆ ಇದ್ದ ಕೊಟ್ಟಿಗೆ ಅಪ್ಪನದು. ಅಪ್ಪ ಹೊಸಿಲು ದಾಟುವ ಮೊದಲು ಒಂದು ಸಲ ಕೆಮ್ಮುತ್ತಿದ್ದ. ಆ ಕೆಮ್ಮಿಗೆ ಅಜ್ಜಿ ಎದ್ದು ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಅಪ್ಪನಿಗೆ ನಿಜವಾಗಿ ಕೆಮ್ಮು ಬಂದ ದಿನ ಪಾಪ ಅವಳಿಗೆ ಕೂತು ಏಳುವುದೇ ಕೆಲಸ. ಊಟಕ್ಕೆ ಅಪ್ಪ ಪಡಸಾಲೆಯಲ್ಲಿ ಕೂತರೆ ಅಜ್ಜಿ ಅಡುಗೆಮನೆ ಗೋಡೆಯ ಹಿಂದೆ ಕಿವಿಗೊಟ್ಟು ನಿಂತಿರುತ್ತಿದ್ದಳು. ಹುರುಳಿಕಾಳಿನ ಸಾರು ಸೊರ್ರೆಂದ ಸದ್ದಿನಲ್ಲೇ ಅಳಿಯನಿಗೆ ಇನ್ನೂ ಹಸಿವಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿತ್ತು. ‘ಇನ್ನರ್ಧ ಮುದ್ದೆ ಇಕ್ಕು ಹೋಗು’ ಎಂದು ನನ್ನನ್ನು ತಳ್ಳುವಳು. ಅಪ್ಪ ಬೇಡವೆಂದರೂ ನಾನು ಇಕ್ಕಿಬಿಡುತ್ತಿದ್ದೆ, ವಾಪಸ್ಸು ಒಯ್ದರೆ ಸಾರು ಸರಿಯಿಲ್ಲವೇನೋ ಎಂದು ಅವಳು ಇಡೀ ದಿನ ಗೊಣಗುವಳಲ್ಲ ಎಂದು. ಮಾತನ್ನೂ ಹಾಗೇ ನನಗೆ ಬೇಕಾದಷ್ಟೇ ಸಾಗಿಸುತ್ತಿದ್ದೆ. ಎತ್ತಿಗೆ ನೀರು ಕುಡಿಸೋಕೂ ನಿಮ್ಮಪ್ಪ ಪಂಚಾಂಗ ನೋಡ್ತಾನಾ ಎಂದು ಅಜ್ಜಿ ಕೇಳಿದರೆ ನಾನು ಕೊಟ್ಟಿಗೆಗೆ ಹೋಗಿ, ‘ಅಪ್ಪ, ಎತ್ತಿಗೆ ನೀರಂತೆ’ ಎನ್ನುತ್ತಿದ್ದೆ. ಇದು ಸುಳ್ಳೋ ನಿಜವೋ ಎಂದು ಆಗ ಯೋಚಿಸಿದವಳಲ್ಲ. ಈಗ ಯೋಚಿಸಿದರೂ ಉತ್ತರ ಹೊಳೆಯುವುದಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಸಿರಾದ ಗುಜರಿ ಅಂಗಡಿಯಿಂದ ಎತ್ತಿನ ಗಾಡಿಯಲ್ಲಿ ಒಂದು ಯಂತ್ರ ಹೇರಿಕೊಂಡು ಬಂದ. ಎರಡು ಕಬ್ಬಿಣದ ಚಕ್ರ, ಮೇಲೆ ಮುತ್ತುಗದ ಎಲೆಯಷ್ಟಗಲದ ಒಂದು ಪೀಠ, ಒಂದು ಪಕ್ಕಕ್ಕೆ ಮಾತ್ರ ಚಾಚಿಕೊಂಡ ಉದ್ದನೆಯ ಹಲ್ಲಿನ ಪಟ್ಟಿ. ಎತ್ತು ಹೂಡಿ ಎಳೆಸಿದರೆ ಚಕ್ರ ತಿರುಗಿ, ಪಟ್ಟಿಯ ಹಲ್ಲುಗಳು ಅತ್ತಿತ್ತ ಆಡಿ ಹುಲ್ಲು ಕೊಯ್ಯುತ್ತಿದ್ದವು. ಯಾವುದೋ ದನದ ಫಾರಂನವರು ಹರಾಜು ಹಾಕಿದ್ದು ಕೈಯಿಂದ ಕೈಗೆ ಬಂದು ಗುಜರಿ ಸೇರಿತ್ತು. ಅಪ್ಪ ಮದುವೆಗೆ ಮುಂಚೆ ಅಂಥದ್ದೇ ಒಂದು ಫಾರಂನಲ್ಲಿ ಕೂಲಿ ಮಾಡಿದ್ದವನು. ಅಲ್ಲಿ ಹುಲ್ಲನ್ನು ಹೂ ಬಿಡುವ ಹೊತ್ತಿಗೇ ಹಸಿಯಾಗಿ ಕೊಯ್ದು, ಮಗುಚಿ ಮಗುಚಿ ಮೂರು ದಿನ ಒಣಗಿಸಿ, ಬೇಸಿಗೆಗೆ ಇಡುತ್ತಿದ್ದರಂತೆ. ನಮ್ಮೂರಿನಲ್ಲಿ ಮೇವೆಂದರೆ ರಾಗಿ ಹುಲ್ಲು ಮತ್ತು ಕಡಲೆಕಾಯಿ ಬಳ್ಳಿ. ಬೀಳಿನ ಹುಲ್ಲನ್ನು ಹಸಿ ಇದ್ದಾಗ ಮೇಯಿಸುತ್ತಿದ್ದರು, ಒಣಗಿದ ಮೇಲೆ ಅದು ಇದ್ದಲ್ಲೇ ಪುಡಿಯಾಗಿ ಹೋಗುತ್ತಿತ್ತು. ಹಸಿ ಹುಲ್ಲನ್ನು ಬೇಕೆಂದೇ ಕೊಯ್ದು ಬಿಸಿಲಿಗೆ ಹಾಕುವುದು ಅಜ್ಜಿಗೆ ಹಾಲನ್ನು ಬೇಕೆಂದೇ ಒಡೆಸಿದ ಹಾಗೆ ಕಂಡಿತು. ಯಂತ್ರವನ್ನು ಬಾಗಿಲ ಸಂದಿಯಿಂದ ನೋಡಿ, ಒಂದೇ ಕೈಯಿನ ಏಡಿಯನ್ನು ಯಾಕೆ ತಂದಿದ್ದಾನೆ ಕೇಳು ಎಂದಳು. ಇದೇನು ಅಂತ ಅಜ್ಜಿ ಕೇಳ್ತಾಳೆ ಎಂದು ನಾನು ಹೇಳಿದೆ.

ಅದಾದ ಮೇಲೆ ಒಂದು ವಾರ ನಾನು ಅಡುಗೆಮನೆಗೂ ಕೊಟ್ಟಿಗೆಗೂ ಓಡಾಡಿದ್ದೇ ಓಡಾಡಿದ್ದು. ಪ್ರತಿ ಬೇಸಿಗೆಯಲ್ಲೂ ಮೇವು ಸಾಲದೆ ಎತ್ತುಗಳನ್ನು ಅಜ್ಜಿಯ ತವರಿಗೆ ಅಟ್ಟುತ್ತಿದ್ದರು. ವಾಪಸ್ಸು ಬರುವಾಗ ಅವು ಬಡಕಲಾಗಿ, ಅಪ್ಪನ ಗುರುತೇ ಇಲ್ಲದಂತೆ ಬರುತ್ತಿದ್ದವು. ಈ ಸಲ ಹುಲ್ಲು ಮಾಡಿಡುತ್ತೇನೆ, ಎತ್ತು ಎಲ್ಲಿಗೂ ಹೋಗುವುದು ಬೇಡ ಎಂಬುದು ಅಪ್ಪನ ಹಟ. ಅಜ್ಜಿ ಕೊನೆಗೆ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ. ಹುಲ್ಲು ಕೆಟ್ಟರೆ ಇನ್ನು ಮೇಲೆ ಬೇಸಾಯದ ವಿಷಯದಲ್ಲಿ ಅಳಿಯ ಬಾಯಿ ಹಾಕಕೂಡದು. ಈ ಮಾತನ್ನು ನಯ ಮಾಡುವುದು ಹೇಗೆಂದು ತಿಳಿಯದೆ ಇದ್ದದ್ದನ್ನು ಇದ್ದಂತೆಯೇ ಒಪ್ಪಿಸಿದೆ. ಅಪ್ಪ ಎತ್ತಿನ ಮೈ ತಿಕ್ಕುತ್ತಿದ್ದ. ನನ್ನನ್ನು ಅವನು ಕರೆಯುತ್ತಿದ್ದದ್ದೇ ಪಾಪ ಎಂದು. ತಿಕ್ಕುವುದನ್ನು ನಿಲ್ಲಿಸದೆ ಹೇಳಿದ:

“ಆಗ್ಲಿ ಪಾಪ. ಕೆಟ್ರೆ ನಾನು ಬಾಯಿ ಹಾಕಲ್ಲ. ಈ ಮನೆಗೆ ಕಾಲೂ ಹಾಕಲ್ಲ. ನಮ್ಮೂರಿಗೆ ಹೊಂಟೋಯ್ತೀನಿ ಅಂತ ಹೇಳು ನಿಮ್ಮಜ್ಜಿಗೆ.”

ಅದನ್ನು ನಾನು ಅಜ್ಜಿಗೆ ಹೇಳಲಿಲ್ಲ. ಆಗ್ಲಿ ಅಂದ ಎಂದಷ್ಟೇ ಹೇಳಿ, ಉಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಹಾಗಾಗಿ ಹುಲ್ಲು ಕೆಟ್ಟರೆ ಅಪ್ಪ ಮನೆ ಬಿಟ್ಟು ಹೋಗುತ್ತಾನೆ ಎನ್ನುವುದು ಆ ಮನೆಯಲ್ಲಿ ಗೊತ್ತಿದ್ದದ್ದು ಅಪ್ಪನಿಗೆ ಮತ್ತು ನನಗೆ, ಇಬ್ಬರಿಗೇ. ಅವನು ಸಿಟ್ಟಿನಲ್ಲಿ ಅಂದದ್ದೋ ನಿಜವಾಗಿ ಅಂದದ್ದೋ ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ರಾತ್ರಿ ಅಮ್ಮನ ಪಕ್ಕ ಮಲಗಿ, ಅಪ್ಪ ಹೋದರೆ ನಾನು ಯಾರ ಮಾತನ್ನು ಯಾರಿಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಅಪ್ಪನಿಲ್ಲದ ದುಃಖಕ್ಕಿಂತ ಕೆಲಸ ಹೋಗುವ ಚಿಂತೆಯೇ ಮೊದಲು ಬಂದದ್ದು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಕಾರ್ತಿಕ ಮಾಸದಲ್ಲಿ ಕೊಯ್ಲು ಶುರುವಾಯಿತು. ಕೆರೆಯ ಕೆಳಗೆ ನಮಗೊಂದು ಬೀಳು ಹೊಲವಿತ್ತು, ಆ ವರ್ಷ ಹುಲ್ಲು ಸೊಂಟದುದ್ದ ಬಂದಿತ್ತು. ಅಪ್ಪ ಆ ಎಲೆಯಂಥ ಪೀಠದ ಮೇಲೆ ಕೂತು ಎತ್ತು ಹೊಡೆಯುತ್ತಿದ್ದರೆ ಹಲ್ಲಿನ ಪಟ್ಟಿ ಕಟಕಟ ಎನ್ನುತ್ತಾ ಹುಲ್ಲನ್ನು ಹಾಸಿಕೊಂಡು ಹೋಗುತ್ತಿತ್ತು. ಊರಿನ ಅರ್ಧ ಜನ ಬದುವಿನ ಮೇಲೆ ನಿಂತು ನೋಡಿದರು. ಮುಕ್ಕಾಲು ಪಾಲು ಹೊಲ ಮುಗಿಯುವ ಹೊತ್ತಿಗೆ ಪಟ್ಟಿಯನ್ನು ಆಡಿಸುವ ಕಬ್ಬಿಣದ ಕೈ ಮುರಿಯಿತು. ಹಳೆಯ ಸಾಮಾನು, ಯಾರನ್ನು ಬೈಯುವುದು. ಅದೇ ಗುಜರಿ ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ಬಿದ್ದಿರುವುದನ್ನು ನೋಡಿದ್ದೆ ಎಂದು ಅಪ್ಪ ಮುರಿದ ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಬಸ್ಸು ಹತ್ತುವ ಮೊದಲು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಒಂದು ಹಿಡಿ ಹುಲ್ಲು ಕೈಗೆ ಕೊಟ್ಟು, ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಸಿದ.

“ಪಚ್ಚಿ ಇದ್ರೆ ಬಾಗ್ತೈತೆ, ಒಣಗಿದ್ರೆ ಪಟ್ ಅಂತ ಮುರೀತೈತೆ. ದಿನಾ ಮಗುಚಾಕ್ಸು, ದಿನಾ ಹಿಂಡಿ ನೋಡು. ಮುರಿಯೋವರ್ಗೂ ಯಾರೂ ಮೆದೆ ಹಾಕಂಗಿಲ್ಲ. ನೀನು ಹೇಳಿದ್ಮ್ಯಾಕೇ ಹಾಕ್ಬೇಕು ಅಂತ ಅಜ್ಜಿಗೆ ಹೇಳು.”

ನನ್ನ ಅಧಿಕಾರದ ಸುದ್ದಿಯನ್ನು ನಾನೇ ಅಜ್ಜಿಗೆ ತಲುಪಿಸಬೇಕಾಯಿತು. ಅವಳು ನಕ್ಕು, ಆಗ್ಲಿ ಕಣಮ್ಮಿ, ನೀನೇ ಯಜಮಾನ್ತಿ ಎಂದು ಕೆನ್ನೆ ಚಿವುಟಿದಳು. ಸಂಜೆಗೆ, ತಡವಾದರೆ ಒಂದೆರಡು ದಿನಕ್ಕೆ ಬರುತ್ತೇನೆಂದು ಹೋದ ಅಪ್ಪ ಮಾರನೆಯ ದಿನವೂ ಬರಲಿಲ್ಲ. ಎರಡನೆಯ ಮಧ್ಯಾಹ್ನ ಬೆಟ್ಟದ ಹಿಂದಿನಿಂದ ಮೋಡ ಎದ್ದಿತು. ಅಜ್ಜಿ ಸೀರೆ ಎತ್ತಿ ಕಟ್ಟಿ, ಅಕ್ಕಪಕ್ಕದ ಮನೆಗಳಿಂದ ಏಳೆಂಟು ಜನರನ್ನು ಕರೆದುಕೊಂಡು ಹೊಲಕ್ಕೆ ಬಂದಳು. ಎಲ್ಲರೂ ಹುಲ್ಲೆತ್ತುವ ಕವೆಗೋಲು ಹಿಡಿದು ನಿಂತಿದ್ದರು. ಅಜ್ಜಿ ಕೊಟ್ಟ ಮಾತಿಗೆ ತಪ್ಪುವವಳಲ್ಲ, ನನ್ನನ್ನೇ ಕೇಳಿದಳು:

“ಏನಂತೈತೆ ಕಣಮ್ಮಿ ನಿನ್ ಹುಲ್ಲು? ಬಿರ್ರನೆ ನೋಡಿ ಹೇಳು, ಮಳೆ ಬಂದ್ಬುಡ್ತದೆ.”

ನಾನು ಮೇಲಿನಿಂದ ಒಂದು ಹಿಡಿ ತೆಗೆದು ಹಿಂಡಿದೆ. ಪಟ್ಟೆಂದು ಮುರಿಯಿತು. ಅಡಿಯಿಂದ ಒಂದು ಹಿಡಿ ಎಳೆದು ಹಿಂಡಿದೆ. ಬಾಗಿತು, ಅಂಗೈ ತಣ್ಣಗಾಯಿತು. ಮತ್ತೆ ಮೇಲಿನದು ಮುರಿಯಿತು, ಮತ್ತೆ ಅಡಿಯದು ಬಾಗಿತು. ಒಂದೇ ಹುಲ್ಲು ಎರಡು ಮಾತು ಆಡಿದರೆ ಏನು ಹೇಳಬೇಕೆಂದು ಅಪ್ಪ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಜ್ಜಿ ಒಮ್ಮೆ ಮೋಡ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ‘ಒಣಗೈತೆ’ ಎಂದುಬಿಟ್ಟೆ. ಯಾಕೆ ಹಾಗಂದೆ? ಮಳೆ ಬಂದು ಹುಲ್ಲು ಕೊಳೆತರೆ ಅಪ್ಪ ಹೋಗಿಬಿಡುತ್ತಾನೆಂಬ ಹೆದರಿಕೆಗೆ ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ, ನಡುವಯಸ್ಸಿನಲ್ಲಿ, ಅಜ್ಜಿಯನ್ನು ಮೆಚ್ಚಿಸಲಿಕ್ಕೆ ಇರಬೇಕು ಅನ್ನಿಸಿತು. ಅಷ್ಟು ಜನರ ಕಣ್ಣು ತಪ್ಪಿಸಿಕೊಂಡರೆ ಸಾಕಾಗಿತ್ತೇನೋ ಎಂದು ಈಗೀಗ ಅನ್ನಿಸುತ್ತದೆ. ಮೂರೂ ನಿಜವಿರಬಹುದು, ಮೂರೂ ಆಮೇಲೆ ಹುಟ್ಟಿಸಿಕೊಂಡದ್ದಿರಬಹುದು.

ಮೆದೆ ಹಾಕುವುದರಲ್ಲಿ ಅಜ್ಜಿಯನ್ನು ಮೀರಿಸುವವರು ಸುತ್ತಲ ನಾಲ್ಕೂರಿನಲ್ಲಿ ಇರಲಿಲ್ಲ. ಆದರೆ ಅವಳಿಗೆ ಗೊತ್ತಿದ್ದದ್ದು ರಾಗಿ ಹುಲ್ಲಿನ ಮೆದೆ. ಅದನ್ನು ತುಳಿದಷ್ಟೂ ಒಳ್ಳೆಯದು, ಗಾಳಿ ಆಡಬಾರದು, ನೀರು ಇಳಿಯಬಾರದು. ಮನೆಯ ಹಿಂದಿನ ಕಣದಲ್ಲಿ ಈ ಹುಲ್ಲನ್ನೂ ಹಾಗೇ ಒಟ್ಟಿಸಿದಳು. ಇಬ್ಬರು ಗಂಡಸರು ಮೇಲೆ ಹತ್ತಿ ತುಳಿದರು, ನನ್ನನ್ನೂ ಎತ್ತಿ ಮೇಲಕ್ಕೆ ಹಾಕಿದರು. ನಾನೂ ಕುಣಿಕುಣಿದು ತುಳಿದೆ. ಮೇಲೆ ರಾಗಿ ಹುಲ್ಲು ಹೊದಿಸಿ, ದೃಷ್ಟಿಗೆಂದು ಹಳೆಯ ಪೊರಕೆಯನ್ನೂ ಸವೆದ ಎಕ್ಕಡವನ್ನೂ ಸಿಕ್ಕಿಸಿ, ಅಜ್ಜಿ ಕೈಮುಗಿದಳು. ಅರ್ಧ ಗಂಟೆಯೊಳಗೆ ಮಳೆ ಹಿಡಿಯಿತು. ಅಂದು ಅವಳು ಮಾಡಿದ ಅವರೆಕಾಯಿ ಸಾರು ಎಲ್ಲರಿಗೂ ರುಚಿಸಿತಂತೆ. ನಾನು ಉಣ್ಣದೆ ಮಲಗಿಬಿಟ್ಟೆ.

ಮೂರನೆಯ ದಿನ ಅಪ್ಪ ಬಂದ. ಅಂಗಡಿಯವನು ಯಾವುದೋ ಮದುವೆಗೆ ಹೋಗಿದ್ದರಿಂದ ಕಾದಿದ್ದನಂತೆ. ಮೆದೆಯ ಸುತ್ತ ಎರಡು ಸುತ್ತು ಬಂದು, ನನ್ನನ್ನು ಕೊಟ್ಟಿಗೆಗೆ ಕರೆದು ಹಿಂಡಿ ನೋಡಿದೆಯಾ ಎಂದು ಕೇಳಿದ. ನೋಡಿದೆ ಎಂದೆ. ಮುರಿಯಿತಾ ಎಂದ. ಮುರಿಯಿತು ಎಂದೆ. ಮುರಿದದ್ದು ಸುಳ್ಳಲ್ಲವಲ್ಲ. ನನ್ನ ತಲೆ ಸವರಿ ಸಿರಾದಿಂದ ತಂದ ಬನ್ನು ಕೊಟ್ಟ. ಅದನ್ನು ಎಮ್ಮೆಗೆ ತಿನ್ನಿಸಿದೆ.

ಏಳೆಂಟು ದಿನ ಕಳೆದಿರಬೇಕು. ಕಣದಲ್ಲಿ ಆಡುವಾಗ ಮೆದೆಯ ಸಂದಿಗೆ ಕೈ ತೂರಿಸಿದೆ. ಒಳಗೆ ಬೆಚ್ಚಗಿತ್ತು, ಆಗ ತಾನೇ ಕರೆದ ಹಾಲಿನ ಚೊಂಬನ್ನು ಮುಟ್ಟಿದ ಹಾಗೆ. ಚಳಿ ಶುರುವಾಗಿದ್ದರಿಂದ ಹಿತವೆನ್ನಿಸಿ ದಿನವೂ ಹೋಗಿ ಕೈ ಕಾಯಿಸಿಕೊಂಡೆ. ಎರಡು ದಿನದ ಮೇಲೆ ಅಲ್ಲಿ ಕೈ ಇಡಲಾಗಲಿಲ್ಲ. ಬೆಲ್ಲ ಕಾಯಿಸುವಂಥ, ಹೊಗೆಸೊಪ್ಪಿನಂಥ ಒಂದು ವಾಸನೆ ಬರುತ್ತಿತ್ತು. ಬೆಳಿಗ್ಗೆ ಮೆದೆಯ ನೆತ್ತಿಯಿಂದ ಹಬೆ ಏಳುವುದನ್ನು ಅಜ್ಜಿಯೂ ನೋಡಿ ಇಬ್ಬನಿ ಎಂದಳು. ನನಗೆ ಗೊತ್ತಾಗಿ ಹೋಯಿತು, ಮೆದೆಗೆ ಜ್ವರ ಬಂದಿದೆ. ನಾನು ಹೇಳಿದ ಸುಳ್ಳು ಅದರ ಹೊಟ್ಟೆಯಲ್ಲಿ ಸೇರಿ ಜ್ವರವಾಗಿದೆ. ನನಗೆ ಜ್ವರ ಬಂದಾಗ ಅಮ್ಮ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದೆ. ಅಡುಗೆಮನೆಯ ಮಸಿಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಆ ಸಂದಿಯ ಮೇಲೆ ಹರಡಿ, ಒಣಗಿದಾಗಲೆಲ್ಲ ಮತ್ತೆ ಒದ್ದೆ ಮಾಡಿ ಹಾಕುತ್ತಿದ್ದೆ. ಬಿಸಿ ಪಾತ್ರೆ ಇಳಿಸಲು ಬಟ್ಟೆ ಸಿಗದೆ ಅಮ್ಮ ಹುಡುಕಿಕೊಂಡು ಕಣಕ್ಕೆ ಬಂದಾಗ ನಾನು ಮೆದೆಗೆ ಒದ್ದೆ ಬಟ್ಟೆ ಒತ್ತುತ್ತಾ ಕೂತಿದ್ದೆ. ಯಾಕೆಂದು ಕೇಳಿದಳು, ಜ್ವರ ಎಂದೆ. ನಗುತ್ತಲೇ ಕೈ ಇಟ್ಟವಳು ನಗುವನ್ನು ಅಲ್ಲೇ ಬಿಟ್ಟು ಅಪ್ಪನನ್ನು ಕೂಗಿದಳು. ಅವಳು ಗಂಡನನ್ನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಪ್ಪ ಮೊಣಕೈವರೆಗೆ ಕೈ ತೂರಿಸಿ ಸರಕ್ಕನೆ ಹಿಂದಕ್ಕೆಳೆದ. ಅಜ್ಜಿಯೂ ಬಂದು ಮೂರು ಮಾರು ದೂರದಲ್ಲಿ ಸೆರಗು ಮುಂದಕ್ಕೆಳೆದುಕೊಂಡು ನಿಂತಳು. ಅಪ್ಪ ನನ್ನ ಕಡೆ ತಿರುಗಿ, ಹಸಿ ಹುಲ್ಲು ಒತ್ತಾಗಿ ಕೂತು ಒಳಗೆ ಬೇಯುತ್ತಿದೆ, ಈಗಲೇ ಬಿಚ್ಚದಿದ್ದರೆ ಬೆಂಕಿ ಹತ್ತುತ್ತದೆ, ಅಜ್ಜಿಗೆ ಹೇಳು ಎಂದ. ಅಜ್ಜಿಗೆ ಅದು ಕೇಳಿಸಿತ್ತು. ಆದರೂ ಅವಳು ನನಗೇ ಹೇಳಿದಳು, ಕೈಮುಗಿದು ಮುಚ್ಚಿದ ಮೆದೆಯನ್ನು ಸಂಕ್ರಾಂತಿ ಪೂಜೆಗೆ ಮೊದಲು ನೆತ್ತಿಯಿಂದ ಬಿಚ್ಚಿದರೆ ಮನೆಗಾಗದು, ನಿಮ್ಮಪ್ಪನಿಗೆ ಹೇಳು. ಅಪ್ಪ ಮತ್ತೆ ನನ್ನನ್ನೇ ನೋಡಿದ. ಬಾಯಿ ತೆರೆದೆ. ಯಾವ ಕಡೆಯ ಮಾತೂ ಬರಲಿಲ್ಲ. ಬಂದದ್ದು ನನ್ನದೇ ಮಾತು: ‘ಸುಳ್ಳು ಹೇಳ್ದೆ, ನಾನೇ ಒಣಗೈತೆ ಅಂದೆ, ಅಪ್ಪಂಗೆ ಊರಿಗೆ ಹೋಗ್ಬೇಡ ಅಂತ ಹೇಳಜ್ಜಿ.’ ಅಳುತ್ತಾ ಹೇಳಿದ್ದರಿಂದ ಎಷ್ಟು ಅರ್ಥವಾಯಿತೋ ಕಾಣೆ. ಅಜ್ಜಿ ಸೆರಗನ್ನು ಹಿಂದಕ್ಕೆ ಸರಿಸಿ ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ದಾಟಿ, ಅಪ್ಪನ ಎದುರಿಗೆ ಬಂದು ನಿಂತಳು.

“ಮಗೀನ್ ಮಕ ಯಾಕ್ ನೋಡ್ತೀಯಪ್ಪ. ತುಳ್ಸಿದ್ದು ನಾನು. ಬಿಚ್ಚು.”

ಅಪ್ಪ ತಬ್ಬಿಬ್ಬಾದ. ಹನ್ನೊಂದು ವರ್ಷದಲ್ಲಿ ಅವಳ ಮುಖವನ್ನು ಅವನು ನೇರವಾಗಿ ನೋಡಿದ್ದು ಅದೇ ಮೊದಲು.

“ಆಗ್ಲತ್ತೆ” ಎಂದ.

ಇಬ್ಬರೂ ಎದುರುಬದುರು ನಿಂತು ಕವೆಗೋಲಿನಲ್ಲಿ ಮೆದೆ ಬಿಚ್ಚಿದರು. ಒಳಗಿನ ಹುಲ್ಲು ಕಂದು ಬಣ್ಣಕ್ಕೆ ತಿರುಗಿತ್ತು, ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಎಲ್ಲವನ್ನೂ ಕಣದ ತುಂಬ ಹರಡಿ, ಕೆಟ್ಟು ಹೋಯಿತೆಂದು ಎಲ್ಲರೂ ಸುಮ್ಮನೆ ನಿಂತಿದ್ದಾಗ ಹಗ್ಗ ಬಿಚ್ಚಿಕೊಂಡಿದ್ದ ಬಲಗಡೆಯ ಎತ್ತು ಬಂದು ಆ ಕಂದು ಹುಲ್ಲಿಗೆ ಬಾಯಿ ಹಾಕಿತು. ತಲೆ ಎತ್ತದೆ ತಿಂದಿತು. ಎಮ್ಮೆಯೂ ತಿಂದಿತು. ಕೆಟ್ಟಿದ್ರೆ ದನ ತಿಂತಿತ್ತಾ ಎಂದು ಅಜ್ಜಿ, ರುಚಿ ಐತೆ, ಸತ್ವ ಹೋಗೈತೆ ಎಂದು ಅಪ್ಪ. ಹುಲ್ಲು ಕೆಟ್ಟಿತೋ ಕೆಡಲಿಲ್ಲವೋ, ಷರತ್ತಿನಲ್ಲಿ ಗೆದ್ದವರು ಯಾರೋ ನಮ್ಮ ಮನೆಯಲ್ಲಿ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಅಪ್ಪ ಊರಿಗೆ ಹೋಗಲಿಲ್ಲ, ಎತ್ತುಗಳೂ ಹೋಗಲಿಲ್ಲ. ಮಾರನೆಯ ದಿನದಿಂದ ಅಜ್ಜಿಯೂ ಅಪ್ಪನೂ ನೇರವಾಗಿ ಮಾತಾಡತೊಡಗಿದರು, ಮಾತಾಡತೊಡಗಿದ್ದರಿಂದ ನೇರವಾಗಿಯೇ ಜಗಳವಾಡತೊಡಗಿದರು. ಅಮ್ಮ, ಮೊದಲೇ ಚೆನ್ನಾಗಿತ್ತು ಎಂದಳು. ನನ್ನನ್ನು ಯಾರೂ ಬೈಯಲಿಲ್ಲ, ಯಾರೂ ಏನನ್ನೂ ಕೇಳಲಿಲ್ಲ. ನಾನು ಅಷ್ಟು ಅತ್ತು ಒಪ್ಪಿಸಿದ ಸುಳ್ಳು ಅವರಿಗೆ ಕೇಳಿಸಲೇ ಇಲ್ಲವೇನೋ ಎಂಬ ಗೊಂದಲವೊಂದು ನನ್ನ ಜೊತೆ ಬೆಳೆಯಿತು. ಶಾಲೆಯಲ್ಲಿ ಪಾಠ ಮಾಡುವ ಈ ವಯಸ್ಸಿನಲ್ಲೂ ಯಾರಾದರೂ ಹೌದೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳಿ ಎಂದರೆ ನನ್ನ ಅಂಗೈ ತಣ್ಣಗಾಗುತ್ತದೆ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಒಂದೇ ಕೈಯಿನ ಆ ಏಡಿ ಯಂತ್ರ ಕಣದ ಮೂಲೆಯಲ್ಲಿ ಹೀರೆಬಳ್ಳಿ ಹೊತ್ತು ನಿಂತಿದೆ. ಕಳೆದ ವರ್ಷ ನಾವೂ ಇನ್ನೆರಡು ಮನೆಯವರೂ ಸೇರಿ ಆಂಧ್ರದ ಕಡೆಯಿಂದ ಹುಲ್ಲು ಸುತ್ತಿ ಉಂಡೆ ಕಟ್ಟುವ ಬೇಲರ್ ತಂದೆವು, ಅದೂ ಬಳಸಿದ್ದೇ. ಅದೇ ಬೀಳಿನಲ್ಲಿ ಹುಲ್ಲು ಕೊಯ್ದು ಹಾಸಿದ್ದೆವು. ಸಂಜೆಗೆ ಮೋಡವಾಯಿತು. ಟ್ರ್ಯಾಕ್ಟರ್ ಹುಡುಗ ಎಂಜಿನ್ ಚಾಲೂ ಇಟ್ಟುಕೊಂಡೇ ಅವಸರ ಮಾಡುತ್ತಿದ್ದ. ಎಪ್ಪತ್ತೆಂಟರ ಅಪ್ಪ ಕೋಲೂರಿಕೊಂಡು ಬದುವಿನ ಮೇಲೆ ಕೂತಿದ್ದವನು ನನ್ನನ್ನು ಕರೆದು, ನೀನೇ ನೋಡಿ ಹೇಳು ಎಂದ. ಮೇಲಿನದೊಂದು ಹಿಡಿ ಹಿಂಡಿದೆ, ಮುರಿಯಿತು. ಅಡಿಯದೊಂದು ಹಿಡಿ ಹಿಂಡಿದೆ, ಬಾಗಿತು.

“ಮ್ಯಾಲೆ ಒಣಗೈತೆ ಅಪ್ಪ. ಕೆಳಗೆ ಹಸಿ ಐತೆ.”

ಅಪ್ಪ ಎರಡೂ ಹಿಡಿಯನ್ನು ಇಸಕೊಂಡು ತೊಡೆಯ ಮೇಲಿಟ್ಟುಕೊಂಡ. ಒಂದೊಂದನ್ನೇ ಹಿಂಡಿ ನೋಡಿದ.

“ಅವತ್ತೂ ಇಂಗೇ ಇತ್ತಾ ಪಾಪ?”

ನಲವತ್ತು ವರ್ಷದ ಮೇಲಾಗಿತ್ತು. ಹೂಂ ಎಂದೆ.

“ನಿಮ್ಮಜ್ಜೀನೂ ಅವತ್ತು ಮೆದೆ ಬಿಚ್ತಾ ಮೆಲ್ಲಗೆ ಅಂಗೇ ಅಂದ್ರು. ಮ್ಯಾಲೆ ಒಣಗಿತ್ತು, ಮಗು ಅದ್ನೇ ಹೇಳೈತೆ, ಕೆಳಗಿಂದು ನಾನ್ ನೋಡ್ಬೇಕಿತ್ತು, ಅದುಕ್ಕೇನೂ ಅನ್ಬೇಡಪ್ಪ ಅಂತ. ನನ್ ಕೂಡೆ ಎರಡ್ನೇ ಮಾತು ಆಡಿದ್ದು ಅದೇ ಕಣಮ್ಮ.”

ಟ್ರ್ಯಾಕ್ಟರ್ ಹುಡುಗ ಹಾರನ್ ಮಾಡಿದ. ಅಪ್ಪ ಕೋಲು ಎತ್ತಿ, ನಾಳಿದ್ದು ಬಾ ಎಂದು ಅವನಿಗೆ ಕೈ ಮಾಡಿದ. ನಾನು ಕವೆಗೋಲು ತೆಗೆದುಕೊಂಡು ಅಡಿಯ ಹುಲ್ಲನ್ನು ಮೇಲಕ್ಕೆ ಮಗುಚತೊಡಗಿದೆ.